ಒಂದೇ ಹೆಸರಿನ ಎರಡು ಗೇಮ್: ಟ್ರೇಡ್‌ಮಾರ್ಕ್ ಜಗಳಕ್ಕೆ ಬಿದ್ದು ಎದ್ದ ಕಥೆ

ಗೇಮ್ ಮಾಡುವವರಿಗೆ ಕ್ರ್ಯಾಶ್ ರಿಪೋರ್ಟ್ ಬಂದರೆ ಗಾಬರಿ ಆಗಲ್ಲ, ಅದು ದಿನದ ಕೆಲಸ. ಆಪ್ ಸ್ಟೋರಿನ ಲೀಗಲ್ ವಿಭಾಗದಿಂದ ಬರುವ ಮೇಲ್ ಮಾತ್ರ ಬೇರೆ ಥರ. ನಮಗೆ ಬಂದದ್ದರಲ್ಲಿ ನಾಲ್ಕೇ ವಿಷಯ ಇತ್ತು. ನಿಮ್ಮ ಗೇಮ್‌ನ ಹೆಸರಿನ ಮೇಲೆ ದೂರು ಬಂದಿದೆ. ದೂರು ಕೊಟ್ಟವರ ಮೇಲ್ ಐಡಿ ಇದು. ಆ ಹೆಸರು ತಮ್ಮದು ಅಂತ ನೋಂದಾಯಿಸಲು ಅವರು ಹಾಕಿದ ಟ್ರೇಡ್‌ಮಾರ್ಕ್ ಅರ್ಜಿಯ ನಂಬರ್ ಇದು. ನೀವಿಬ್ಬರೂ ಮಾತಾಡಿ ಬಗೆಹರಿಸಿಕೊಳ್ಳಿ, ಇಲ್ಲದಿದ್ದರೆ ಗೇಮ್ ತೆಗೆಯಬೇಕಾಗಬಹುದು. ಯಾರದು ಸರಿ, ಯಾರದು ತಪ್ಪು ಅಂತ ಸ್ಟೋರ್ ನೋಡಲು ಹೋಗುವುದಿಲ್ಲ. ಅದು ಅವರ ಕೆಲಸವೂ ಅಲ್ಲ ಅನ್ನಿ.

ನಾವು ಮೈಸೂರಿನಲ್ಲಿ ಇಬ್ಬರು. ನಾನು ಕೋಡ್ ಬರೆಯುತ್ತೇನೆ, ಗೆಳತಿ ಚಿತ್ರ ಬಿಡಿಸುತ್ತಾಳೆ. ಹೆಸರಿಗೊಂದು ಎಲ್‌ಎಲ್‌ಪಿ, ಅಂದರೆ ಪಾಲುದಾರಿಕೆಯ ಸಂಸ್ಥೆ, ಇದೆ. ನಮ್ಮ ಗೇಮ್‌ನ ಹೆಸರು ‘ಛಾಯಾ’. ತೊಗಲುಗೊಂಬೆಯಾಟ ನೋಡಿ ಹುಟ್ಟಿದ ಪಜಲ್ ಗೇಮ್. ತೊಗಲನ್ನು ಹದ ಮಾಡಿ ತೆಳುವಾಗಿಸಿ ಬಣ್ಣ ಹಾಕಿರುತ್ತಾರಲ್ಲ, ಹಿಂದಿನಿಂದ ದೀಪ ಬಿದ್ದರೆ ಪರದೆಯ ಮೇಲೆ ಕಪ್ಪು ನೆರಳು ಬೀಳಲ್ಲ, ಬಣ್ಣದ ನೆರಳು ಬೀಳುತ್ತದೆ. ಆಟಗಾರ ದೀಪವನ್ನೂ ಗೊಂಬೆಯನ್ನೂ ಹಿಂದೆ ಮುಂದೆ ಸರಿಸಿ, ಪರದೆಯ ಮೇಲೆ ಬೇಕಾದ ಆಕಾರ ತರಬೇಕು. ದೀಪ ಗೊಂಬೆಯ ಹತ್ತಿರ ಬಂದಷ್ಟೂ ನೆರಳು ದೊಡ್ಡದಾಗುತ್ತದೆ. ಅಷ್ಟೇ ಆಟ. ಮೊದಲ ಡೆಮೊ 2021ರಲ್ಲಿ ಸಣ್ಣ ತಂಡಗಳು ಗೇಮ್ ಹಾಕುವ ಇಚ್.ಐಒ ತಾಣದಲ್ಲಿ ಹಾಕಿದ್ದೆವು. 2023ರ ಫೆಬ್ರವರಿಯಲ್ಲಿ ಪಿಸಿ ಗೇಮ್ ಮಾರುವ ಸ್ಟೀಮ್‌ನಲ್ಲಿ ಮಾರಾಟಕ್ಕೆ ಬಂತು. ದೂರು ಬಂದದ್ದು ಮರು ವರ್ಷ, ಫೋನಿನ ಆವೃತ್ತಿ ಬಿಟ್ಟ ಮೇಲೆ.

ಆ ಕಡೆಯವರದೂ ‘ಛಾಯಾ’. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ ಒಂದು ಅಕ್ಷರ ಜಾಸ್ತಿ, ಅಷ್ಟೇ. ಪುಣೆಯಲ್ಲಿ ಒಬ್ಬರೇ ಕೂತು ಮಾಡಿದ ಫೋನ್ ಗೇಮ್. ದೆವ್ವದ್ದು. ಹಳೇ ವಾಡೆಯೊಳಗೆ ಟಾರ್ಚ್ ಹಿಡಿದು ಓಡಾಡಬೇಕು. ನಾನು ಡೌನ್‌ಲೋಡ್ ಮಾಡಿ ಆಡಿದೆ. ಬೈಯಬೇಕು ಅಂತಲೇ ಶುರು ಮಾಡಿದ್ದು. ಸೌಂಡ್ ಕೆಲಸ ನಮ್ಮದಕ್ಕಿಂತ ಚೆನ್ನಾಗಿತ್ತು, ಅದು ಇನ್ನೂ ಸಿಟ್ಟು ತರಿಸಿತು.

ಮೊದಲು ಮಾಡಬೇಕಾದ ಕೆಲಸಕ್ಕೆ ದುಡ್ಡು ಬೇಕಿಲ್ಲ. ಸರ್ಕಾರದ ಐಪಿ ಇಂಡಿಯಾ ತಾಣದಲ್ಲಿ ಟ್ರೇಡ್‌ಮಾರ್ಕ್‌ಗಳನ್ನು ಯಾರು ಬೇಕಾದರೂ ಹುಡುಕಬಹುದು. ಅಕ್ಷರಕ್ಕೆ ಅಕ್ಷರ ಹೊಂದುವ ಹೆಸರಷ್ಟೇ ಅಲ್ಲ, ಕೇಳಲು ಒಂದೇ ಥರ ಇರುವ ಹೆಸರುಗಳನ್ನೂ ಬೇರೆ ಹುಡುಕಬಹುದು. ಆದರೆ ಕ್ಲಾಸ್ ಹೇಳಬೇಕು. ಸರಕು ಸೇವೆಗಳೆಲ್ಲ 45 ಕ್ಲಾಸ್‌ಗಳಲ್ಲಿ ಹಂಚಿಹೋಗಿವೆ. ಡೌನ್‌ಲೋಡ್ ಮಾಡಿಕೊಳ್ಳುವ ಗೇಮ್ ಸಾಫ್ಟ್‌ವೇರ್ 9ನೇ ಕ್ಲಾಸ್. ಆನ್‌ಲೈನ್‌ನಲ್ಲೇ ಆಡಿಸುವ ಸೇವೆ 41. ಬೋರ್ಡ್ ಗೇಮ್, ಆಟಿಕೆ 28. ಅವರ ಅರ್ಜಿ 9ನೇ ಕ್ಲಾಸ್‌ನಲ್ಲಿ ಮಾತ್ರ ಇತ್ತು. 2023ರ ಆಗಸ್ಟ್‌ನಿಂದ ಬಳಸುತ್ತಿದ್ದೇವೆ ಅಂತ ಬರೆದಿದ್ದರು. ಸ್ಥಿತಿ ಅನ್ನುವ ಕಡೆ ‘ಒಪ್ಪಿ ಪ್ರಕಟಿಸಲಾಗಿದೆ’ ಅಂತ ಇತ್ತು.

ಆ ಕೊನೆಯ ಸಾಲು ನನಗೆ ಆಗ ಅರ್ಥ ಆಗಲಿಲ್ಲ. ಅರ್ಥ ಮಾಡಿಸಿದ್ದು ಬೆಂಗಳೂರಿನ ವಕೀಲೆ. ಪರಿಚಯದವರ ಮೂಲಕ ಸಿಕ್ಕವರು. ಅಲ್ಲಿಯವರೆಗೆ ಅವರ ಕೈಗೆ ಬಂದದ್ದೆಲ್ಲ ಅಗರಬತ್ತಿ, ಮಸಾಲೆಪುಡಿ, ಬಟ್ಟೆ ಅಂಗಡಿಗಳ ಜಗಳಗಳಂತೆ. ಗೇಮ್ ಇದೇ ಮೊದಲು. ಅರ್ಜಿ ಒಪ್ಪಿಗೆಯಾದ ಮೇಲೆ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಹಾಕುತ್ತಾರೆ, ಅದು ವಾರಕ್ಕೊಂದು, ಸೋಮವಾರ ಬರುತ್ತದೆ. ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ವಿರೋಧ ಹಾಕಬಹುದು. ಆ ಗಡುವು ದಾಟಿದರೆ ಹೆಸರು ರಿಜಿಸ್ಟರ್ ಆಗುತ್ತದೆ, ಆಮೇಲೆ ತೆಗೆಸಬೇಕು ಅಂದರೆ ರದ್ದತಿಯ ಅರ್ಜಿ, ಅದು ಇನ್ನೊಂದು ದೊಡ್ಡ ಕಥೆ. ನಮಗೆ ಗಡುವು ಇನ್ನೂ ಇತ್ತು.

“ಹಾಗಾದ್ರೆ ಸದ್ಯಕ್ಕೆ ಅವರ ಹತ್ರ ಏನೂ ಇಲ್ಲ ಅಲ್ವಾ ಮೇಡಂ?” ಅಂತ ಕೇಳಿದೆ.

“ಕೋರ್ಟಲ್ಲಿ ಇಲ್ಲ. ಸ್ಟೋರ್‌ನಲ್ಲಿ ಇದೆ,” ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಬಹಳ ಜನ ಇಲ್ಲೇ ಎಡವುತ್ತಾರೆ. ಅರ್ಜಿ ಹಾಕಿದ ಮಾತ್ರಕ್ಕೆ ಇನ್ನೊಬ್ಬರ ಮೇಲೆ ಉಲ್ಲಂಘನೆಯ ದಾವೆ ಹಾಕುವ ಹಕ್ಕು ಬರುವುದಿಲ್ಲ. ರಿಜಿಸ್ಟರ್ ಆಗಬೇಕು. ಆದರೆ ರಿಜಿಸ್ಟರ್ ಆದ ಮೇಲೆ ಆ ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ಸ್ಟೋರ್‌ಗಳಿಗೆ ಇಷ್ಟೆಲ್ಲ ತಾಳ್ಮೆ ಇಲ್ಲ. ಒಂದು ನಂಬರ್ ಕಂಡರೆ ಅವರು ಮೇಲ್ ಕಳಿಸುತ್ತಾರೆ, ಮುಂದಿನದು ನಿಮ್ಮ ತಲೆನೋವು. ಕಾನೂನು ಕೇಳುವ ಪ್ರಶ್ನೆ ‘ಮೊದಲು ಬಳಸಿದ್ದು ಯಾರು, ತೋರಿಸಿ’ ಅನ್ನುವುದು. ಸ್ಟೋರ್ ಕೇಳುವುದು ‘ಕಾಗದ ಯಾರ ಹತ್ರ ಇದೆ’ ಅಂತ. ಎರಡಕ್ಕೂ ಉತ್ತರ ಒಬ್ಬರೇ ಆಗಿರಬೇಕು ಅಂತೇನಿಲ್ಲ.

ಕಾಪಿರೈಟ್ ಬಗ್ಗೆಯೂ ಕೇಳಿದೆ. ನಮ್ಮ ಗೇಮ್ ಮೊದಲು ಬಂದಿದೆ, ಹೆಸರು ನಮ್ಮ ಕೃತಿಯ ಭಾಗ ಅಲ್ವಾ ಅಂತ. ಅದು ನಡೆಯಲ್ಲ. 2015ರಲ್ಲಿ ಒಂದು ಹಿಂದಿ ಸಿನಿಮಾದ ಶೀರ್ಷಿಕೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ನೇರವಾಗಿ ಹೇಳಿಬಿಟ್ಟಿದೆ, ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲ. ಅದೇ ವರ್ಷದ ಇನ್ನೊಂದು ತೀರ್ಪು ನಮಗೆ ಬೇಕಾದದ್ದು. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಹೆಸರಿನ ಜಗಳ. ಹೆಸರನ್ನು ರಿಜಿಸ್ಟರ್ ಮಾಡಿಸಿಕೊಂಡವರಿಗಿಂತ ಮೊದಲಿನಿಂದ ಬಳಸುತ್ತಾ ಬಂದವರ ಹಕ್ಕು ದೊಡ್ಡದು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಸೆಕ್ಷನ್‌ನ ತಿರುಳೂ ಅದೇ. ನಮ್ಮ ಇಡೀ ಕೇಸು ಆ ಹಲ್ವಾ ಮೇಲೆ ನಿಂತಿತ್ತು ಅಂದರೆ ತಪ್ಪಿಲ್ಲ.

ದಾವೆ ಹೂಡುವ ದಾರಿಯೂ ಇತ್ತು. ರಿಜಿಸ್ಟರ್ ಆಗದ ಹೆಸರಿಗೂ ‘ಪಾಸಿಂಗ್ ಆಫ್’, ಅಂದರೆ ನಮ್ಮ ಹೆಸರಲ್ಲಿ ಅವರ ಸರಕು ಸಾಗಿಸುತ್ತಿದ್ದಾರೆ, ಅಂತ ಕೋರ್ಟಿಗೆ ಹೋಗಬಹುದು. ಕೋರ್ಟಿನ ಖರ್ಚು ಕೇಳಿದ ಮೇಲೆ ನಾವು ಆ ಮಾತೇ ಎತ್ತಲಿಲ್ಲ. ವಿರೋಧದ ಅರ್ಜಿಗೆ, ಅಂದರೆ ಟಿಎಂ-ಓ ಫಾರ್ಮ್‌ಗೆ, ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ಕ್ಲಾಸಿಗೆ 2,700 ರೂಪಾಯಿ. ಜೊತೆಗೆ ನಮ್ಮದೇ ಹೆಸರಿಗೆ ಹೊಸ ಅರ್ಜಿ, ಟಿಎಂ-ಎ. ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ದಿಮೆ ಆದರೆ ಕ್ಲಾಸಿಗೆ 4,500. ಬೇರೆಯವರಿಗೆ 9,000. ಎಲ್‌ಎಲ್‌ಪಿ ಅಂದ ಕೂಡಲೇ ಸಣ್ಣ ಉದ್ದಿಮೆ ಅಂತ ಅವರಾಗಿಯೇ ಒಪ್ಪಲ್ಲ, ಉದ್ಯಮ್ ಸರ್ಟಿಫಿಕೇಟ್ ತೋರಿಸಬೇಕು. ಅದು ಸರ್ಕಾರಿ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ದುಡ್ಡು ಕೇಳುವ ಏಜೆಂಟ್ ತಾಣಗಳೂ ಬೇಕಾದಷ್ಟಿವೆ, ನೋಡಿಕೊಂಡು ಹೋಗಿ. 9 ಮತ್ತು 41, ಎರಡೂ ಕ್ಲಾಸಿಗೆ ಹಾಕಿದೆವು. ಕರ್ನಾಟಕದವರಿಗೆ ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿ (ರಿಜಿಸ್ಟ್ರಿ), ಪುಣೆಯವರದು ಮುಂಬೈ. ಎರಡಕ್ಕೂ ಓಡಾಟ ಇಲ್ಲ, ಎಲ್ಲ ಆನ್‌ಲೈನ್. ಸರ್ಕಾರದ ಫೀಸು ನೋಡಿ ‘ಇಷ್ಟೇನಾ’ ಅನಿಸುತ್ತದೆ. ವಕೀಲರ ಫೀಸು ಬೇರೆ, ಅದು ಇದಕ್ಕಿಂತ ಸುಮಾರು ಜಾಸ್ತಿ.

ಇಲ್ಲಿ ಒಂದು ಇಕ್ಕಟ್ಟು ಎದುರಾಯಿತು. ಯಾರೂ ಮೊದಲೇ ಹೇಳದ ಥರದ್ದು.

ವಿರೋಧದ ಅರ್ಜಿಯಲ್ಲಿ ನಾವು ಹೇಳಬೇಕಾದ್ದು: ಎರಡೂ ಹೆಸರು ಒಂದೇ, ಎರಡೂ ಗೇಮ್, ಜನರಿಗೆ ಗೊಂದಲ ಆಗುತ್ತದೆ. ಅದೇ ಹೊತ್ತಿಗೆ ನಮ್ಮ ಅರ್ಜಿಗೆ ರಿಜಿಸ್ಟ್ರಿಯ ಪರೀಕ್ಷಕರು ಅವರ ಹಳೇ ಅರ್ಜಿಯನ್ನೇ ತೋರಿಸಿ, ಇನ್ನೊಬ್ಬರ ಹೆಸರನ್ನು ಹೋಲುತ್ತದೆ ಅಂತ 11ನೇ ಸೆಕ್ಷನ್ ಕೆಳಗೆ ಆಕ್ಷೇಪ ಎತ್ತುವುದು ಖಂಡಿತ. ಆಗ ಎಲ್ಲರೂ ಕೊಡುವ ಸಿದ್ಧ ಉತ್ತರ ‘ಇಲ್ಲ, ಎರಡೂ ಬೇರೆ ಬೇರೆ, ಯಾವ ಗೊಂದಲವೂ ಇಲ್ಲ’ ಅನ್ನುವುದು. ಒಂದು ಫೈಲಿನಲ್ಲಿ ಗೊಂದಲ ಇದೆ, ಇನ್ನೊಂದರಲ್ಲಿ ಇಲ್ಲ! ಎರಡೂ ಫೈಲು ಸಾರ್ವಜನಿಕ. ಆ ಕಡೆಯ ವಕೀಲರು ಒಂದರ ಪ್ರಿಂಟ್ ತೆಗೆದು ಇನ್ನೊಂದಕ್ಕೆ ಲಗತ್ತಿಸಿದರೆ ಮುಗಿಯಿತು. “ನಾನು ಎರಡರಲ್ಲೂ ಒಂದೇ ಮಾತು ಬರೀತೀನಿ. ನೀವು ಮೊದಲು. ಬೇರೆ ಜಾಣತನ ಬೇಡ,” ಅಂದರು ಮೇಡಂ. ಆ ತೀರ್ಮಾನ ಆಮೇಲೆ ನಮ್ಮನ್ನು ಎಷ್ಟು ಉಳಿಸಿತು ಅಂದರೆ, ವಕೀಲರ ಫೀಸು ಇದಕ್ಕೇ ಕೊಟ್ಟದ್ದು ಅನ್ನಬಹುದು.

ಇನ್ನೊಂದು ಕಷ್ಟ ಹೆಸರಿನದೇ. ನೆರಳಿನ ಆಟಕ್ಕೆ ‘ಛಾಯಾ’ ಅಂತ ಹೆಸರಿಟ್ಟರೆ 9ನೇ ಸೆಕ್ಷನ್ ಕಾಯುತ್ತಾ ಕೂತಿರುತ್ತದೆ. ಸರಕಿನ ಗುಣವನ್ನೇ ಹೇಳುವ ಪದ ಒಬ್ಬರ ಸ್ವತ್ತಾಗಲ್ಲ. ದೆವ್ವದ ಗೇಮ್‌ಗೆ ಅದೇ ಹೆಸರು ಅಷ್ಟೊಂದು ನೇರವಲ್ಲ. ಅಂದರೆ ಗೇಮ್‌ಗೆ ನಮ್ಮ ಹೆಸರು ಚೆನ್ನಾಗಿ ಹೊಂದುತ್ತದೆ ಅನ್ನುವುದೇ ಕಾನೂನಿನ ಮುಂದೆ ನಮಗೆ ತೊಂದರೆ. ಹೆಸರಿಟ್ಟಾಗ ಖುಷಿಪಟ್ಟ ಕಾರಣವೂ ಅದೇ ಆಗಿತ್ತು.

ಮೈಸೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ನಂದಿನಿ ಕೇಸು ಓದಿದೆ. ನಮ್ಮವರಿಗೆಲ್ಲ ಗೊತ್ತಿರಬೇಕಾದ ಕೇಸು. ಕೆಎಂಎಫ್ ‘ನಂದಿನಿ’ ಹೆಸರು ಶುರು ಮಾಡಿದ್ದು 1985ರಲ್ಲಿ. ‘ನಂದಿನಿ ಡಿಲಕ್ಸ್’ ಹೋಟೆಲ್‌ನವರು 1989ರಲ್ಲಿ. ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2018ರಲ್ಲಿ ಹೋಟೆಲ್‌ನವರ ಪರ ತೀರ್ಪು ಬಂತು. ಹಾಲು, ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಅವರು ಹೆಸರು ಇಟ್ಟುಕೊಳ್ಳಬಹುದು. ನಂದಿನಿ ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಹುಟ್ಟಿಸಿದ್ದಲ್ಲ. ಸರಕೂ ಬೇರೆ, ಲೋಗೊನೂ ಬೇರೆ. ಓದಿ ನನಗೆ ಧೈರ್ಯ ಬರಲಿಲ್ಲ. ಹಾಲಿಗೂ ಊಟಕ್ಕೂ ಇರುವ ದೂರ ಎರಡು ಗೇಮ್‌ಗಳ ನಡುವೆ ಎಲ್ಲಿದೆ?

ದೂರ ಇಲ್ಲ ಅನ್ನುವುದಕ್ಕೆ ಸಾಕ್ಷಿ ತಾನಾಗಿ ಬಂತು. ನಮ್ಮ ಫೋನ್ ಗೇಮ್‌ಗೆ ಒಬ್ಬರು ಒಂದೇ ಸ್ಟಾರ್ ಕೊಟ್ಟು ರಿವ್ಯೂ ಬರೆದರು. ಒಂದು ಗಂಟೆ ಆಡಿದೆ, ಒಂದು ದೆವ್ವನೂ ಬರಲಿಲ್ಲ, ಮೋಸ. ಗೆಳತಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೇಡಂಗೆ ಸ್ಕ್ರೀನ್‌ಶಾಟ್ ಕಳಿಸಿದರೆ ಅವರಿಗೆ ಹಬ್ಬ. “ಇದನ್ನ ಅಳಿಸೋಕೆ ಯಾರಿಗೂ ಹೇಳಬೇಡಿ. ಲಿಂಕು, ತಾರೀಖು ಸಮೇತ ಸೇವ್ ಮಾಡಿ!”

ಇನ್ನು ಪುರಾವೆ. ಈ ಜಗಳದಲ್ಲಿ ಮುಕ್ಕಾಲು ಪಾಲು ಕೆಲಸ ಇದೇ.

ಹಳಬರಿಗೆ ‘ಎಡ್ಜ್’ ಜಗಳ ನೆನಪಿರಬಹುದು. ಪ್ಯಾರಿಸ್‌ನ ಮೊಬಿಗೇಮ್ ಅನ್ನುವ ಪುಟ್ಟ ತಂಡ ಐಫೋನಿಗೆ ‘ಎಡ್ಜ್’ ಅಂತ ಒಂದು ಗೇಮ್ ಮಾಡಿತ್ತು. ಆ ಪದದ ಟ್ರೇಡ್‌ಮಾರ್ಕ್ ತನ್ನದು ಅಂತ ಟಿಮ್ ಲ್ಯಾಂಗ್‌ಡೆಲ್ ಎಂಬಾತ ದೂರು ಕೊಟ್ಟು, 2009ರಲ್ಲಿ ಗೇಮ್ ಆಪ್ ಸ್ಟೋರಿನಿಂದ ಹೋಯಿತು. ಆಮೇಲೆ ಇದೇ ಹೆಸರಿಗಾಗಿ ದೊಡ್ಡ ಕಂಪನಿ ಇಎ ಜೊತೆಗೂ ಅವರ ಕೇಸು ನಡೆಯಿತು. ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ವಿಲಿಯಂ ಆಲ್ಸಪ್ 2010ರಲ್ಲಿ ಲ್ಯಾಂಗ್‌ಡೆಲ್ ಕಡೆಯವರು ಒದಗಿಸಿದ ಪುರಾವೆಗಳ ಮೇಲೆಯೇ ಅನುಮಾನ ಪಟ್ಟರು. ಕೊನೆಗೆ ಟ್ರೇಡ್‌ಮಾರ್ಕ್‌ಗಳೇ ರದ್ದಾದವು. ಹೆಸರು ಇಟ್ಟೆ ಅಂದರೆ ಸಾಲದು, ಆ ಹೆಸರಲ್ಲಿ ನಿಜವಾಗಿ ಏನು ಮಾರಿದೆ, ಯಾವಾಗ ಮಾರಿದೆ ಅಂತ ಕಾಗದ ಮಾತಾಡಬೇಕು.

ನನ್ನ ಹತ್ತಿರ ಗಿಟ್ ಇತ್ತು, ಕೋಡಿನ ಪ್ರತಿ ಬದಲಾವಣೆಯನ್ನೂ ‘ಕಮಿಟ್’ ಅಂತ ತಾರೀಖಿನ ಜೊತೆ ದಾಖಲಿಸುವ ಸಾಫ್ಟ್‌ವೇರ್. ಡೆಮೊಗಿಂತ ಎಷ್ಟೋ ಮೊದಲೇ ಮಾಡಿದ ಮೊದಲ ಕಮಿಟ್, ಪ್ರಾಜೆಕ್ಟ್ ಫೋಲ್ಡರಿನ ಹೆಸರೇ ಛಾಯಾ. ಹೆಮ್ಮೆಯಿಂದ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಮೇಡಂ ಪಕ್ಕಕ್ಕಿಟ್ಟರು. “ಇದು ಮನೆಯೊಳಗೆ ಕರೆಯೋ ಹೆಸರು. ಪೇಟೆಯಲ್ಲಿ ಕರೆದದ್ದು ತೋರಿಸಿ.” ಟ್ರೇಡ್‌ಮಾರ್ಕ್‌ನಲ್ಲಿ ಬಳಕೆ ಅಂದರೆ ವ್ಯಾಪಾರದಲ್ಲಿ ಬಳಕೆ. ಜನರ ಕಣ್ಣಿಗೆ ಬಿದ್ದಿರಬೇಕು. ಅದೂ ಭಾರತದಲ್ಲಿ.

ಭಾರತದಲ್ಲಿ ಅನ್ನುವುದು ನಮ್ಮನ್ನು ಸ್ವಲ್ಪ ಆಡಿಸಿತು. ಸ್ಟೀಮ್‌ನಲ್ಲಿ ನಮ್ಮ ಗೇಮ್ ಕೊಂಡವರಲ್ಲಿ ಹೆಚ್ಚಿನವರು ಅಮೆರಿಕ, ಜರ್ಮನಿಯವರು. ಪುಣ್ಯಕ್ಕೆ ಸ್ಟೀಮ್‌ನ ವರದಿಯಲ್ಲಿ ದೇಶವಾರು ಲೆಕ್ಕ ಸಿಗುತ್ತದೆ. ಭಾರತದ ಸಾಲುಗಳನ್ನು ಮಾತ್ರ ಬೇರೆ ಮಾಡಿ, ರೂಪಾಯಿ ಬೆಲೆಯ ಜೊತೆ, ತಿಂಗಳುವಾರು ಹಾಳೆ ಮಾಡಿದೆ. ಸಂಖ್ಯೆ ಸಣ್ಣದು. ನಾಚಿಕೆ ಅನಿಸುವಷ್ಟು ಸಣ್ಣದು. ಆದರೆ ಮೊದಲ ಮಾರಾಟದ ತಾರೀಖು ಅವರದಕ್ಕಿಂತ ಆರು ತಿಂಗಳು ಹಿಂದಿನದು, ಅದು ಸಾಕಿತ್ತು. ಅದರ ಜೊತೆ ಸ್ಟೀಮ್‌ಗೆ ಕಟ್ಟಿದ 100 ಡಾಲರ್ ಶುಲ್ಕದ ರಸೀದಿ, ಹೊರದೇಶದಿಂದ ಹಣ ಬಂದಾಗ ಬ್ಯಾಂಕ್ ಕೊಟ್ಟ ಚೀಟಿಗಳು, ಸಿಎ ಬರೆದ ವಹಿವಾಟಿನ ಸರ್ಟಿಫಿಕೇಟ್, ಇಚ್ ತಾಣದ ಡೆಮೊ ಪುಟ, ಯೂಟ್ಯೂಬ್‌ನ ಟ್ರೇಲರ್. ಡೆಮೊ ಪುಟದ ಹಳೇ ರೂಪ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕಿತು. ನಾವು ಹಾಕಿದ್ದಲ್ಲ, ಅದು ತಾನಾಗಿ ಉಳಿಸಿಕೊಂಡದ್ದು. ನಮ್ಮ ಕೈಯಿಂದ ಬಾರದ ಪುರಾವೆಗೆ ಬೆಲೆ ಜಾಸ್ತಿ.

ಇವೆಲ್ಲ ಕಂಪ್ಯೂಟರಿನಿಂದ ಬಂದವು. 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಕಂಪ್ಯೂಟರಿನ ದಾಖಲೆಗೆ ಕೊಡುವ ಸರ್ಟಿಫಿಕೇಟನ್ನು ಮೊದಲು 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು, ಈಗ 63ನೇ ಸೆಕ್ಷನ್ನಿನದು. ಅದರಲ್ಲಿ ಎರಡು ಭಾಗ. ಒಂದನ್ನು ನಾವು ಬರೆದು ಸಹಿ ಹಾಕಬೇಕು, ಇನ್ನೊಂದನ್ನು ತಜ್ಞರು. ಪ್ರತಿ ಫೈಲಿನ ಹ್ಯಾಶ್, ಅಂದರೆ ಫೈಲು ಬದಲಾದರೆ ತಾನೂ ಬದಲಾಗುವ ಬೆರಳಚ್ಚಿನಂಥ ಅಕ್ಷರಗಳ ಸಾಲು, ಹೇಳಬೇಕು, ಯಾವ ವಿಧಾನದ್ದು ಅಂತ ಟಿಕ್ ಮಾಡಬೇಕು. ಮೇಡಂ ಆಫೀಸಿನ ಜೂನಿಯರ್ ಹುಡುಗ “ಸರ್, ಈ ಎಸ್‌ಎಚ್‌ಎ-256 ಅಂದ್ರೇನು?” ಅಂತ ಕೇಳಿದಾಗ, ಇಡೀ ಪ್ರಕರಣದಲ್ಲಿ ನನಗೆ ಗೊತ್ತಿದ್ದ ವಿಷಯವೊಂದು ಕೊನೆಗೂ ಬಂತಲ್ಲ ಅನಿಸಿತು. ಅವನ ಕಂಪ್ಯೂಟರಿನಲ್ಲೇ ಒಂದು ಕಮಾಂಡ್ ಹೊಡೆದು ಎಲ್ಲ ಫೈಲುಗಳದ್ದೂ ತೆಗೆದುಕೊಟ್ಟೆ. ಅರವತ್ತನಾಲ್ಕು ಅಕ್ಷರದ ಆ ಸಾಲುಗಳನ್ನು ಅವನು ಒಂದೊಂದಾಗಿ ಬೆರಳಿಟ್ಟು ಹೋಲಿಸಿ ನೋಡಿದ. ಕಾಪಿ ಪೇಸ್ಟ್ ಮಾಡಿದ್ದೇವಲ್ಲಪ್ಪ ಅಂದರೂ ಬಿಡಲಿಲ್ಲ.

ಅಫಿಡವಿಟ್‌ಗೆ ನೋಟರಿ ಹತ್ತಿರ ಹೋದಾಗ ಇನ್ನೊಂದು ತಮಾಷೆ. ಹಾಳೆ ತಿರುವುತ್ತಾ “ಗೇಮ್ ಅಂದ್ರೆ ಈ ದುಡ್ಡು ಕಟ್ಟಿ ಆಡ್ತಾರಲ್ಲ, ರಮ್ಮಿ, ಅದಾ?” ಅಂದರು. ಅಲ್ಲ ಸರ್, ತೊಗಲುಗೊಂಬೆ ಅಂದೆ. ಮುಖ ಸಡಿಲವಾಯಿತು. ಸೀಲು ಒತ್ತುತ್ತಲೇ ಅವರ ಊರಿನ ಜಾತ್ರೆಯಲ್ಲಿ ಗೊಂಬೆಯಾಟ ನೋಡಿದ್ದನ್ನು ಹೇಳಿದರು.

ವಿರೋಧದ ಪ್ರತಿ ಆ ಕಡೆ ತಲುಪಿದ ಮೇಲೆ ಎರಡು ತಿಂಗಳೊಳಗೆ ಅವರು ಪ್ರತಿಹೇಳಿಕೆ ಹಾಕಬೇಕು. ಹಾಕದಿದ್ದರೆ ಅವರ ಅರ್ಜಿ ಕೈಬಿಟ್ಟ ಹಾಗೆ. ಎಷ್ಟೋ ಪ್ರಕರಣ ಇಲ್ಲೇ ಮುಗಿದುಹೋಗುತ್ತವಂತೆ. ನಾವೂ ಒಳಗೊಳಗೇ ಅದನ್ನೇ ಬಯಸಿದ್ದೆವು. ಅವರು ಹಾಕಿದರು. ಓದಿದರೆ ಮೈ ಉರಿಯುತ್ತದೆ. ವಿರೋಧಿಗಳು ಹೇಳಿದ ಪ್ರತಿಯೊಂದೂ ಸುಳ್ಳು, ದುರುದ್ದೇಶದ್ದು, ನಮ್ಮ ಕಕ್ಷಿದಾರರ ಹೆಸರಿನ ಲಾಭ ಪಡೆಯುವ ಸಂಚು. ರಾತ್ರಿ ನಿದ್ದೆ ಬರಲಿಲ್ಲ. ಎದ್ದು ನಾವು ಹಾಕಿದ್ದ ವಿರೋಧ ತೆಗೆದು ಓದಿದೆ. ಅದರಲ್ಲೂ ಅವೇ ಸಾಲು. ಸುಳ್ಳು, ದುರುದ್ದೇಶ, ಸಂಚು. ವಕೀಲರ ಟೆಂಪ್ಲೇಟ್ ಅದು. ಅಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗಿಲ್ಲ, ಸುಮ್ನೆ ಹಾಗೆ ಬರೆಯುತ್ತಾರೆ.

ಪ್ರತಿಹೇಳಿಕೆ ನಮ್ಮ ಕೈಗೆ ಬಂದ ಮೇಲೆ ನಮ್ಮ ಪುರಾವೆಗೂ ಎರಡು ತಿಂಗಳು. ತಪ್ಪಿದರೆ ಈ ಸಲ ನಮ್ಮ ವಿರೋಧ ಕೈಬಿಟ್ಟ ಹಾಗೆ. ಆಮೇಲೆ ಅವರ ಪುರಾವೆಗೆ ಎರಡು ತಿಂಗಳು, ಅದಕ್ಕೆ ನಮ್ಮ ಉತ್ತರಕ್ಕೆ ಒಂದು ತಿಂಗಳು, ಆಮೇಲೆ ವಿಚಾರಣೆ. ವಿಚಾರಣೆಯ ಸರದಿ ಯಾವಾಗ ಬರುತ್ತದೋ ಗೊತ್ತಿಲ್ಲ. ಅಷ್ಟರಲ್ಲಿ ಫೋನ್ ಗೇಮ್ ಸ್ಟೋರಿನಲ್ಲಿ ಇರುತ್ತದೋ ಇಲ್ಲವೋ ಅದೂ ಗೊತ್ತಿಲ್ಲ.

ಮಾತಾಡಿ ನೋಡೋಣ ಅಂದದ್ದು ಗೆಳತಿ. ಮೇಡಂ ಬೇಡ ಅನ್ನಲಿಲ್ಲ. ಆದರೆ ಎರಡು ಷರತ್ತು. ಬರೆಯುವ ಪ್ರತಿ ಮೇಲ್‌ನ ತಲೆಗೆ ‘ವಿದೌಟ್ ಪ್ರೆಜುಡಿಸ್’ ಅಂತ ಹಾಕಬೇಕು, ರಾಜಿ ಮಾತು ಮುರಿದುಬಿದ್ದರೆ ಅದನ್ನು ನಮ್ಮ ಮೇಲೆ ಬಳಸಬಾರದು ಅಂತ. ಮಾತು ನಡೆಯುತ್ತಿದೆ ಅಂತ ಪುರಾವೆ ಹಾಕುವುದನ್ನು ನಿಲ್ಲಿಸಬಾರದು. ಗಡುವು ರಾಜಿಗಾಗಿ ಕಾಯಲ್ಲ. ಪುರಾವೆಯ ಕಟ್ಟು ಹೋದ ಮೇಲೆಯೇ ನಾನು ಮೇಲ್ ಹಾಕಿದ್ದು. ಇಂಗ್ಲಿಷಿನಲ್ಲಿ, ಆದಷ್ಟು ಮರ್ಯಾದೆಯಿಂದ. ಮರುದಿನ ಫೋನೇ ಬಂತು.

“ನಮಸ್ಕಾರ್ರೀ. ನೀವು ಮೈಸೂರಿನವರಂತ ಅಫಿಡವಿಟ್‌ನ್ಯಾಗ ನೋಡಿದ್ನಿ. ನಾ ಬೆಳಗಾವಿಯಾವಾರಿ. ಕೆಲಸಕ್ಕಂತ ಪುಣೇದಾಗ ಅದೀನಿ.”

ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ. ಇಷ್ಟು ದಿನ ಆ ಅರ್ಜಿಯಲ್ಲಿದ್ದ ಹೆಸರನ್ನು ನಾನು ಮರಾಠಿ ಹೆಸರು ಅಂದುಕೊಂಡೇ ಬೈಯುತ್ತಿದ್ದೆ.

“ನೀವು ಹೆಸರಿಡೋ ಮೊದಲು ಹುಡುಕಲಿಲ್ವಾ?” ಅಂತ ಕೇಳಿಯೇಬಿಟ್ಟೆ.

“ಹುಡುಕೀನ್ರಿ. ಫೋನಿನ ಸ್ಟೋರ್‌ನ್ಯಾಗ ಹುಡುಕೀನಿ, ರಿಜಿಸ್ಟ್ರಿಯೊಳಗ ಹುಡುಕೀನಿ. ಎಲ್ಲೂ ಇರಲಿಲ್ಲ. ಸ್ಟೀಮ್ ಕಡೆ ನಾ ಹೋಗಂಗೇ ಇಲ್ರೀ, ನನ್ನ ಲ್ಯಾಪ್‌ಟಾಪ್‌ನ್ಯಾಗ ಅದು ಓಡಂಗಿಲ್ಲ.”

ನಂಬಿದೆ. ಈಗಲೂ ನಂಬುತ್ತೇನೆ. ಫೋನ್ ಗೇಮ್ ಮಾಡುವವರು, ಪಿಸಿ ಗೇಮ್ ಮಾಡುವವರು ಒಂದೇ ಊರಲ್ಲಿದ್ದರೂ ಒಬ್ಬರ ಬೀದಿಗೆ ಇನ್ನೊಬ್ಬರು ಕಾಲಿಡಲ್ಲ. ಅವರು ಹುಡುಕಿದಾಗ ನಮ್ಮ ಅರ್ಜಿ ರಿಜಿಸ್ಟ್ರಿಯಲ್ಲಿ ಇರಲಿಲ್ಲ, ಅದೂ ನಿಜ. ಸ್ಟೋರಿಗೆ ದೂರು ಕೊಟ್ಟದ್ದು ಯಾಕೆ ಅಂದರೆ ಅವರಿಗೂ ಒಂದು ರಿವ್ಯೂ ಬಂದಿತ್ತಂತೆ. ಗೊಂಬೆ ಎಲ್ಲಿ ಅಂತ. ಇಬ್ಬರೂ ನಕ್ಕೆವು. ಅದೇ ಫೋನಿನಲ್ಲಿ ಅವರು ದೂರು ವಾಪಸ್ ತೆಗೆಯುವುದಾಗಿ ಹೇಳಿದರು, ಆ ವಾರವೇ ತೆಗೆದರು.

ರಾಜಿಗೆ ಒಂದು ಮಾದರಿ ಬೇಕಿತ್ತು. ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್‌ನವರು ‘ಸ್ಕ್ರೋಲ್ಸ್’ ಅಂತ ಗೇಮ್ ಮಾಡಿದಾಗ, ‘ದಿ ಎಲ್ಡರ್ ಸ್ಕ್ರೋಲ್ಸ್’ ಗೇಮ್‌ಗಳ ಬೆಥೆಸ್ಡಾ 2011ರಲ್ಲಿ ಜಗಳ ತೆಗೆದಿತ್ತು. ಕೋರ್ಟಿಗೆ ಬದಲು ‘ಕ್ವೇಕ್ 3’ ಆಡಿ ತೀರ್ಮಾನ ಮಾಡಿಕೊಳ್ಳೋಣ ಅಂತ ಮೊಜಾಂಗ್‌ನ ಯಜಮಾನ ಸವಾಲು ಹಾಕಿದ್ದ. 2012ರಲ್ಲಿ ರಾಜಿಯಾಯಿತು. ಗೇಮ್‌ಗೆ ಹೆಸರು ಉಳಿಯಿತು, ಟ್ರೇಡ್‌ಮಾರ್ಕ್ ಮೊಜಾಂಗ್‌ಗೆ ಸಿಗಲಿಲ್ಲ. ಆ ಥರ ಒಬ್ಬರ ಕೈಗೆ ಬೀಗದ ಕೈ ಕೊಡುವುದು ನಮ್ಮಿಬ್ಬರಿಗೂ ಬೇಡವಾಗಿತ್ತು. ಬರೀ ‘ಛಾಯಾ’ ಯಾರಿಗೂ ಬೇಡ, ಇಬ್ಬರೂ ಇನ್ನೊಂದು ಪದ ಸೇರಿಸಿಕೊಳ್ಳೋಣ ಅಂತ ಮಾತಾಯಿತು. ನಮ್ಮದು ‘ಛಾಯಾ ತೊಗಲು’. ಅವರದು ‘ಛಾಯಾ ವಾಡೆ’. ಎರಡನೇ ಪದ ಮೊದಲನೆಯದರಷ್ಟೇ ದೊಡ್ಡದಾಗಿರಬೇಕು, ಕೆಳಗೆ ಇರುವೆಯ ಸಾಲಿನ ಹಾಗೆ ಬರೆದು ತಪ್ಪಿಸಿಕೊಳ್ಳುವ ಹಾಗಿಲ್ಲ. ಐಕಾನ್‌ನಲ್ಲಿ ನಮಗೆ ಹಳದಿ, ಅವರಿಗೆ ಕಪ್ಪು ಕೆಂಪು. ಅವರು ತಮ್ಮ ಅರ್ಜಿಯ ಸರಕಿನ ವಿವರವನ್ನು ದೆವ್ವದ ಗೇಮ್‌ಗೆ ಮಾತ್ರ ಇಳಿಸಿಕೊಳ್ಳಬೇಕು, ನಾವು ವಿರೋಧ ವಾಪಸ್ ತೆಗೆಯಬೇಕು, ನಮ್ಮ ಅರ್ಜಿಗೆ ಅವರು ಒಪ್ಪಿಗೆ ಪತ್ರ ಕೊಡಬೇಕು. ದಾರಿ ತಪ್ಪಿ ಬಂದ ಆಟಗಾರರ ಮೇಲ್ ಅನ್ನು ಆ ಕಡೆಗೆ ಕಳಿಸಬೇಕು. ಯಾರೂ ಯಾರಿಗೂ ದುಡ್ಡು ಕೊಡುವುದಿಲ್ಲ.

ಮಾತು ಕೆಡುವ ಹಾಗೆ ಆದದ್ದು ಒಂದೇ ವಿಷಯಕ್ಕೆ. ಮುಂದೆ ಯಾರಾದರೂ ದೊಡ್ಡ ಕಂಪನಿಗೆ ಗೇಮ್ ಮಾರಿದರೆ? ಕೊಂಡವರು ಈ ಒಪ್ಪಂದಕ್ಕೆ ಬದ್ಧರಾ? ಅವರ ವಕೀಲರು ಬೇಡ ಅಂದರು, ನಮ್ಮ ಮೇಡಂ ಬಿಡಲಿಲ್ಲ. ಹೆಸರಿನ ಜೊತೆ ಒಪ್ಪಂದವೂ ಹೋಗಬೇಕು, ಮಾರುವ ಮೊದಲು ಇನ್ನೊಬ್ಬರಿಗೆ ತಿಳಿಸಬೇಕು ಅನ್ನುವಲ್ಲಿಗೆ ಬಂದು ನಿಂತಿತು. ಈ ಒಂದು ಷರತ್ತಿನ ಮೇಲೆ ವಕೀಲರ ನಡುವೆ ಓಡಾಡಿದ ಮೇಲ್‌ಗಳು ಉಳಿದ ಎಲ್ಲ ಷರತ್ತಿಗಿಂತ ಜಾಸ್ತಿ. ಹೊರದೇಶದ ರಿಜಿಸ್ಟ್ರೇಷನ್ ಮಾತೂ ಬಂತು. 2013ರಿಂದ ಭಾರತ ಮ್ಯಾಡ್ರಿಡ್ ಪ್ರೋಟೊಕಾಲ್‌ನಲ್ಲಿದೆ, ಇಲ್ಲಿಂದಲೇ ಒಂದು ಅರ್ಜಿಯಲ್ಲಿ ಹಲವು ದೇಶ ಕೇಳಬಹುದು. ಫೀಸು ಸ್ವಿಸ್ ಫ್ರಾಂಕ್‌ನಲ್ಲಿ. ಲೆಕ್ಕ ಹಾಕಿ ಇಬ್ಬರೂ ಸುಮ್ಮನಾದೆವು.

ಅವರದು ಈಗ ರಿಜಿಸ್ಟರ್ ಆಗಿದೆ. ಹತ್ತು ವರ್ಷಕ್ಕೆ, ಆಮೇಲೆ ನವೀಕರಣ. ನಮ್ಮದಕ್ಕೆ ಅಂದುಕೊಂಡ ಹಾಗೇ 9 ಮತ್ತು 11ನೇ ಸೆಕ್ಷನ್, ಎರಡರ ಆಕ್ಷೇಪವೂ ಬಂದವು. ಉತ್ತರಕ್ಕೆ 30 ದಿನ. 11ಕ್ಕೆ ಒಪ್ಪಿಗೆ ಪತ್ರ ಮತ್ತು ಅದೇ ಹಳೇ ಪುರಾವೆಯ ಕಟ್ಟು. 9ಕ್ಕೆ ಬರೀ ಪದ ಬಿಟ್ಟು, ಗೆಳತಿ ಬಿಡಿಸಿದ ಅಕ್ಷರ, ದೀಪ ಸಮೇತ ಇಡೀ ಲೋಗೊ ತೋರಿಸಿ ವಾದ ಮಾಡಿದರು. ವಿಚಾರಣೆ ವಿಡಿಯೊದಲ್ಲಿ ನಡೆಯಿತು. ನಾವು ಗಂಟೆಗಟ್ಟಲೆ ತಯಾರಾಗಿದ್ದೆವು, ಅಧಿಕಾರಿ ಮೂರು ನಾಲ್ಕು ಪ್ರಶ್ನೆ ಕೇಳಿ ಮುಗಿಸಿದರು. ಅರ್ಜಿ ಒಪ್ಪಿಗೆಯಾಗಿ ಜರ್ನಲ್‌ನಲ್ಲಿ ಬಂದಿದೆ. ಅಂದರೆ ನಾಲ್ಕು ತಿಂಗಳ ಗಡುವು ಈಗ ನಮ್ಮ ಮೇಲೆ ಓಡುತ್ತಿದೆ, ಯಾರು ಬೇಕಾದರೂ ವಿರೋಧ ಹಾಕಬಹುದು. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ಪುಣೆಗೆ ಕಳಿಸಿದೆ. ತಕ್ಷಣ ಉತ್ತರ ಬಂತು: “ನಾ ಅಂತೂ ಹಾಕಂಗಿಲ್ರೀ. ಉಳಿದವ್ರದು ಗೊತ್ತಿಲ್ಲ ನೋಡ್ರಿ.”